ಸಿಂಹಳದ ಬೆಳ್ಳಿತೆರೆಯೂ ನಮ್ಮ ನೆರೆಹೊರೆಯೂ

ಕಳೆದ ದೀಪಾವಳಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿ ಮಕ್ಕಳೊಡನೆ ನಮ್ಮ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ಇತಿಹಾಸದ ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕುಳಿತು ಸಿನಿಮಾ ಹಾಡು ಗುನುಗುತ್ತಿದ್ದ ಹುಡುಗ ಅವನು. ಈಗ ಬೆಂಗಳೂರಿನ ಚಿತ್ರರಂಗದಲ್ಲಿ ಧ್ವನಿಗ್ರಹಣದ ಕೆಲಸ ಮಾಡುತ್ತಿದ್ದಾನೆ. ಕಾಫಿ ಕುಡಿಯುತ್ತಾ ಅವನು ತನ್ನ ಕಷ್ಟಗಳನ್ನು ಹೇಳಿಕೊಂಡ. "ಸಾರ್, ನಮ್ಮದು ಸಣ್ಣ ಮಾರುಕಟ್ಟೆ. ಅಕ್ಕಪಕ್ಕದ ದೊಡ್ಡವರ ಎದುರು ನಾವು ನಿಲ್ಲುವುದು ಕಷ್ಟ. ಕೆಲಸ ಮಾಡುವವರಿಗಿಂತ ಅದರ ಬಗ್ಗೆ ಮಾತಾಡುವವರೇ ಜಾಸ್ತಿ" ಎಂದ. ನಾನು ನಕ್ಕು, "ನಮಗಿಂತಲೂ ಸಣ್ಣ ಮನೆಯೊಂದು ಕಡಲಾಚೆ ಇದೆ, ಅದರ ಕಥೆ ಕೇಳಿದ್ದೀಯೇನಪ್ಪಾ?" ಎಂದೆ. ಅವನಿಗೆ ಬಸ್ಸಿನ ಹೊತ್ತಾಗಿತ್ತು. ಪುಟದಲ್ಲಿ ಬರೆಯುತ್ತೇನೆಂದು ಮಾತು ಕೊಟ್ಟು ಕಳುಹಿಸಿದೆ. ಆ ಮಾತನ್ನು ಇಂದು ಉಳಿಸಿಕೊಳ್ಳುತ್ತಿದ್ದೇನೆ.

ನನ್ನ ವಯಸ್ಸಿನವರಿಗೆ ಸಿಂಹಳವೆಂದರೆ ಮೊದಲು ನೆನಪಾಗುವುದು ರಾಮಾಯಣವಲ್ಲ, ರೇಡಿಯೋ. 1952ರ ಸುಮಾರಿಗೆ ಅಂದಿನ ಕೇಂದ್ರ ಮಂತ್ರಿ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾದಾಗ ಇಡೀ ಭಾರತವೇ ರೇಡಿಯೋ ಸಿಲೋನಿನ ಕಡೆಗೆ ಕಿವಿ ತಿರುಗಿಸಿತು. ಅದೇ ವರ್ಷದ ಕೊನೆಯಲ್ಲಿ ಆರಂಭವಾದ ಬಿನಾಕಾ ಗೀತಮಾಲಾ ಕಾರ್ಯಕ್ರಮ, ಅಮೀನ್ ಸಯಾನಿಯವರ ಕಂಠ, ಇವೆಲ್ಲ ನಮಗೆ ಬರುತ್ತಿದ್ದುದು ಕೊಲಂಬೋದಿಂದ. ನಮ್ಮೂರ ಅಂಗಡಿಯ ಮುಂದೆ ರೇಡಿಯೋ ಕೇಳಲು ನಿಲ್ಲುತ್ತಿದ್ದ ನಮಗೆ, ನಮ್ಮದೇ ಹಾಡುಗಳನ್ನು ಪರದೇಶದವರು ನಮಗೆ ಕೇಳಿಸುತ್ತಿದ್ದಾರೆ ಎಂಬ ವಿಚಿತ್ರ ಹೊಳೆದಿರಲಿಲ್ಲ. ಆ ದೇಶದವರಿಗೂ ತಮ್ಮದೇ ಚಿತ್ರಗಳು, ತಮ್ಮದೇ ಹಾಡುಗಳು ಇದ್ದಾವು ಎಂಬ ಯೋಚನೆಯಂತೂ ಬಂದೇ ಇರಲಿಲ್ಲ. ಇತಿಹಾಸದ ಮೇಷ್ಟ್ರಾದ ಮೇಲೆ ಓದುತ್ತಾ ಹೋದಂತೆ ಆ ಕಥೆ ನನಗೆ ಸಿಕ್ಕಿತು. ಅದರಲ್ಲಿ ನಮ್ಮ ಮುಖವೂ ಕಂಡಿತು.

ಸಿಂಹಳ ಭಾಷೆಯ ಮೊದಲ ವಾಕ್ಚಿತ್ರ "ಕಡವುಣು ಪೊರೊಂದುವ". ಹಾಗೆಂದರೆ ಮುರಿದ ಮಾತು, ಮುರಿದ ವಚನ. ಅದು ತೆರೆ ಕಂಡದ್ದು 1947ರ ಜನವರಿ 21ರಂದು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1948ರ ಫೆಬ್ರವರಿ 4ರಂದು. ಅಂದರೆ ಸ್ವಂತ ಸರ್ಕಾರಕ್ಕಿಂತ ಒಂದು ವರ್ಷ ಮೊದಲೇ ಸ್ವಂತ ಭಾಷೆಯ ಸಿನಿಮಾ ಬಂದಿತ್ತು. ಆದರೆ ಆ ಚಿತ್ರವನ್ನು ತಯಾರಿಸಿದ್ದು ಸಿಂಹಳದಲ್ಲಲ್ಲ, ದಕ್ಷಿಣ ಭಾರತದ ಸ್ಟುಡಿಯೋದಲ್ಲಿ. ನಿರ್ಮಾಪಕರು ತಮಿಳರಾದ ಎಸ್.ಎಂ. ನಾಯಗಂ, ನಿರ್ದೇಶಕರು ಉತ್ತರದ ಜ್ಯೋತಿಷ್ ಸಿಂಗ್. ಕಥೆ ಮಾತ್ರ ನೆಗೊಂಬೋ ಪಟ್ಟಣದ ಮಿನರ್ವಾ ನಾಟಕ ಮಂಡಳಿಯ ಬಿ.ಎ.ಡಬ್ಲ್ಯು. ಜಯಮಾನ್ನ ಅವರ ಜನಪ್ರಿಯ ನಾಟಕದ್ದು. ನಾಯಕಿ ರುಕ್ಮಣಿ ದೇವಿ. ಸಿಂಹಳ ಚಿತ್ರರಂಗದ ಮೊದಲ ರಾಣಿಯೆಂದು ಹೆಸರಾದ ಆಕೆಯ ಹುಟ್ಟುಹೆಸರು ಡೈಸಿ ರಸಮ್ಮಾ ಡೇನಿಯಲ್ಸ್. ಮನೆತನ ತಮಿಳು ಮೂಲದ ಕ್ರೈಸ್ತರದು.

ಇದನ್ನು ಓದಿ ಯಾರಾದರೂ ನಗುವ ಮುನ್ನ ನಮ್ಮ ಮನೆಯ ಕಥೆಯನ್ನೂ ಜ್ಞಾಪಿಸಿಕೊಳ್ಳಬೇಕು. ಕನ್ನಡದ ಮೊದಲು ತೆರೆಕಂಡ ವಾಕ್ಚಿತ್ರ "ಸತಿ ಸುಲೋಚನ" 1934ರಲ್ಲಿ ತಯಾರಾದದ್ದು ಕೊಲ್ಹಾಪುರದಲ್ಲಿ. ಅಲ್ಲಿಂದ ಮುಂದೆಯೂ ದಶಕಗಳ ಕಾಲ ಕನ್ನಡ ಚಿತ್ರಗಳ ಬಹುಪಾಲು ಕೆಲಸ ನಡೆದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ನಾಟಕ ಕಂಪನಿಯ ನಟರು ರೈಲು ಹತ್ತಿ ಹೋಗುವುದು, ಪರಭಾಷೆಯ ತಂತ್ರಜ್ಞರು ಚಿತ್ರ ತೆಗೆಯುವುದು, ಹಿಂದಿ ತಮಿಳಿನ ಧಾಟಿಗಳಿಗೆ ನಮ್ಮ ಮಾತುಗಳನ್ನು ಹೊಂದಿಸುವುದು, ಇವೆಲ್ಲ ಎರಡೂ ಕಡೆ ಒಂದೇ. ಸಿಂಹಳದವರು ಹಡಗನ್ನೂ ಹತ್ತಬೇಕಾಗಿತ್ತು ಎಂಬುದಷ್ಟೇ ವ್ಯತ್ಯಾಸ. ಬಡತನದಲ್ಲಿ ನಾವು ದಾಯಾದಿಗಳು.

ಆ ಕಾಲದ ಸಿಂಹಳ ಚಿತ್ರರಂಗವನ್ನು ಕಟ್ಟಿದವರ ಪಟ್ಟಿ ನೋಡಿದರೆ ಅದು ಒಂದು ಜಾತ್ರೆಯಂತೆ ಕಾಣುತ್ತದೆ. ಚಿತ್ರಮಂದಿರಗಳ ದೊಡ್ಡ ಸಂಸ್ಥೆ ಸಿಲೋನ್ ಥಿಯೇಟರ್ಸ್ ಅನ್ನು 1928ರಲ್ಲಿ ಸ್ಥಾಪಿಸಿದವರು ಚಿತ್ತಂಬಲಂ ಗಾರ್ಡಿನರ್ ಎಂಬ ತಮಿಳರು. ಅದಕ್ಕೆ ಸರಿಸಾಟಿಯಾಗಿ ಬೆಳೆದ ಸಿನಿಮಾಸ್ ಲಿಮಿಟೆಡ್‌ನ ಒಡೆಯರು ಕೆ. ಗುಣರತ್ನಂ, ಅವರೂ ತಮಿಳರು. ವೆಸಾಕ್ ಹುಣ್ಣಿಮೆಯ ದಿನ ಇಂದಿಗೂ ಸಿಂಹಳದ ಬೀದಿಗಳಲ್ಲಿ ಕೇಳಿಬರುವ ಬುದ್ಧಭಕ್ತಿಯ ಹಾಡುಗಳಿಗೆ ದನಿಯಾದವರು, ನೂರಾರು ಸಿನಿಮಾ ಹಾಡುಗಳನ್ನು ಹಾಡಿದವರು, ದಕ್ಷಿಣ ಭಾರತದಿಂದ ಹೋಗಿ ನೆಲಸಿದ ಮೊಹಿದೀನ್ ಬೇಗ್ ಎಂಬ ಮುಸಲ್ಮಾನರು. ದೇಶ ಸಣ್ಣದು, 1953ರ ಜನಗಣತಿಯಲ್ಲಿ ಎಂಬತ್ತು ಲಕ್ಷದಷ್ಟು ಜನ. ಆ ಭಾಷೆ ಆ ದ್ವೀಪದ ಆಚೆಗೆ ನಡೆಯದು. ಇಂಥ ಕಡೆ ಒಂದು ಚಿತ್ರ ಹುಟ್ಟಬೇಕಾದರೆ ಎಲ್ಲ ಕುಲದವರ ಕೈಯೂ ಸೇರಲೇಬೇಕಾಗಿತ್ತು.

ಇನ್ನು ಮಾತಿನ ಕಥೆ. ಸ್ವಾತಂತ್ರ್ಯ ಬಂದ ಮೇಲೆ ಕೊಲಂಬೋದ ಪತ್ರಿಕೆಗಳಲ್ಲಿ ಒಂದು ಪ್ರಶ್ನೆ ಎದ್ದಿತು: ಇವು ನಮ್ಮ ಚಿತ್ರಗಳೇ? ಮದರಾಸಿನ ಸೆಟ್ಟುಗಳು, ಮದರಾಸಿನ ಕುಣಿತ, ಎರವಲು ಧಾಟಿಗಳು. ಮಾತು ಮಾತ್ರ ಸಿಂಹಳ. ನಮ್ಮ ಹಳ್ಳಿ ಎಲ್ಲಿ, ನಮ್ಮ ಗದ್ದೆ ಎಲ್ಲಿ, ನಮ್ಮ ಜನ ಮಾತಾಡುವ ರೀತಿ ಎಲ್ಲಿ? ಈ ಪ್ರಶ್ನೆ ನ್ಯಾಯವಾದದ್ದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದಕ್ಕೆ ಉತ್ತರ ಕೊಡಲು ಹೊರಟವರು ಲೆಸ್ಟರ್ ಜೇಮ್ಸ್ ಪೀರಿಸ್.

1919ರಲ್ಲಿ ಹುಟ್ಟಿದ ಪೀರಿಸ್ ಇಂಗ್ಲಿಷ್ ಮಾತಾಡುವ ಕೆಥೋಲಿಕ್ ಮನೆತನದವರು. ಮೊದಲು ಅವರೂ ಮಾತಿನವರೇ, ಪತ್ರಿಕೆಯವರು. ಲಂಡನ್ನಿನಲ್ಲಿದ್ದುಕೊಂಡು ಟೈಮ್ಸ್ ಆಫ್ ಸಿಲೋನ್ ಪತ್ರಿಕೆಗೆ ಬರೆಯುತ್ತಿದ್ದರು. ಬಿಡುವಿನಲ್ಲಿ ಕಿರುಚಿತ್ರಗಳನ್ನು ತೆಗೆದು ಅಲ್ಲಿ ಬಹುಮಾನ ಪಡೆದಿದ್ದರು. ಸಿಲೋನ್ ಸರ್ಕಾರ 1948ರಲ್ಲಿ ಒಂದು ಚಿತ್ರ ಘಟಕವನ್ನು ಆರಂಭಿಸಿತ್ತು. ಅದರ ಮುಖ್ಯಸ್ಥರಾಗಿದ್ದ ಇಂಗ್ಲಿಷ್ ಸಾಕ್ಷ್ಯಚಿತ್ರಕಾರ ರಾಲ್ಫ್ ಕೀನ್ ಅವರ ಪ್ರೋತ್ಸಾಹದಿಂದ ಪೀರಿಸ್ 1952ರಲ್ಲಿ ತಾಯ್ನಾಡಿಗೆ ಮರಳಿ ಆ ಘಟಕ ಸೇರಿದರು. ಮಲೇರಿಯಾ ನಿರ್ಮೂಲನದ ಬಗ್ಗೆ, ರಸ್ತೆ ಸುರಕ್ಷತೆಯ ಬಗ್ಗೆ ಸರ್ಕಾರಕ್ಕಾಗಿ ಚಿತ್ರಗಳನ್ನು ತೆಗೆದರು. ಕೆಲಸ ಕಲಿತದ್ದು ಅಲ್ಲಿ. ಆಮೇಲೆ ಛಾಯಾಗ್ರಾಹಕ ವಿಲಿಯಂ ಬ್ಲೇಕ್ ಮತ್ತು ಸಂಕಲನಕಾರ ಟೈಟಸ್ ಡಿ ಸಿಲ್ವ ಅವರೊಡನೆ, ತಿಂಗಳ ಸಂಬಳದ ಸರ್ಕಾರಿ ನೌಕರಿ ಬಿಟ್ಟು ಹೊರಬಂದರು. ಸಂಬಳದ ನೌಕರಿ ಬಿಡುವುದೆಂದರೆ ಏನೆಂದು ಈ ಪುಟ ಓದುವ ಮೇಷ್ಟ್ರುಗಳಿಗೆ ನಾನು ಹೇಳಬೇಕಾಗಿಲ್ಲ.

ಮೂವರೂ ಸೇರಿ ತೆಗೆದ ಚಿತ್ರ "ರೇಖಾವ". ರೇಖೆ, ವಿಧಿಯ ರೇಖೆ. ಅದು ಬಿಡುಗಡೆಯಾದದ್ದು 1956ರ ಡಿಸೆಂಬರ್ 28ರಂದು. ಇತ್ತ ನವೆಂಬರ್ 1ರಂದು ನಮ್ಮ ಏಕೀಕೃತ ಮೈಸೂರು ರಾಜ್ಯ ಹುಟ್ಟಿ ಎರಡು ತಿಂಗಳೂ ಆಗಿರಲಿಲ್ಲ. ಒಂದು ಹಳ್ಳಿಯ ಹುಡುಗನ ಕೈಸ್ಪರ್ಶದಿಂದ ಅವನ ಗೆಳತಿಗೆ ಕಳೆದುಹೋದ ದೃಷ್ಟಿ ಮರಳುತ್ತದೆ. ಊರವರು ಅವನನ್ನು ಪವಾಡಪುರುಷನೆಂದು ಮೆರೆಸುತ್ತಾರೆ. ಮತ್ತೊಂದು ಮಗು ತೀರಿಕೊಂಡಾಗ, ಮಳೆ ಕೈಕೊಟ್ಟಾಗ, ಅದೇ ಊರು ಅವನ ಮೇಲೆ ತಿರುಗಿ ಬೀಳುತ್ತದೆ. ಹೊಗಳುವ ಬಾಯಿಯೇ ಶಪಿಸುವ ಬಾಯಿಯೂ ಆಗುವ ಕಥೆ. ಸ್ಟುಡಿಯೋ ಬಿಟ್ಟು ಹಳ್ಳಿಯ ಬಿಸಿಲಿನಲ್ಲಿಯೇ ಕ್ಯಾಮೆರಾ ನಿಲ್ಲಿಸಿ ತೆಗೆದ ಈ ಚಿತ್ರ 1957ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು. ಪತ್ರಿಕೆಗಳು ಕೊಂಡಾಡಿದವು. ಆದರೆ ಜನ ಬರಲಿಲ್ಲ, ಹಾಕಿದ ಹಣ ಹುಟ್ಟಲಿಲ್ಲ. ಪೀರಿಸ್ ಕೆಲವು ವರ್ಷ ಮತ್ತೊಂದು ಚಿತ್ರವಿಲ್ಲದೆ ಕುಳಿತರು.

ಇಲ್ಲಿ ಬರುವ ತಿರುವನ್ನು ನನ್ನ ಓದುಗರು ಗಮನವಿಟ್ಟು ನೋಡಬೇಕು. ಪೀರಿಸರಿಗೆ ಎರಡನೆಯ ಚಿತ್ರದ ಅವಕಾಶ ಕೊಟ್ಟವರು ಯಾರು? ಮದರಾಸು ಮಾದರಿಯ ಚಿತ್ರಗಳಿಗೆ ಹೆಸರಾಗಿದ್ದ ಅದೇ ಕೆ. ಗುಣರತ್ನಂ. ಪೋರ್ಚುಗೀಸರ ಕಾಲದ ಸಾಹಸದ ಕಥೆಯುಳ್ಳ "ಸಂದೇಶಯ" 1960ರಲ್ಲಿ ಬಂದು ಗೆದ್ದಿತು. ವಿಮರ್ಶಕರ ಹೊಗಳಿಕೆ ಪೀರಿಸರಿಗೆ ಕೀರ್ತಿ ತಂದಿತ್ತು. ಕೆಲಸ ತಂದುಕೊಟ್ಟದ್ದು ವಿಮರ್ಶಕರು ಹಳಿಯುತ್ತಿದ್ದ ವ್ಯಾಪಾರಿ. ಕಲೆ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ ಎಂದು ಮಾತಿನಲ್ಲಿ ಗೆರೆ ಎಳೆಯುವುದು ಸುಲಭ. ಸಣ್ಣ ಊರಿನ ಕೆಲಸದಲ್ಲಿ ಆ ಗೆರೆ ನಿಲ್ಲುವುದಿಲ್ಲ.

ಮೂರನೆಯ ಚಿತ್ರ "ಗಂಪೆರಳಿಯ", ಅಂದರೆ ಗ್ರಾಮದ ಪಲ್ಲಟ. ಮಾರ್ಟಿನ್ ವಿಕ್ರಮಸಿಂಘೆಯವರ 1944ರ ಕಾದಂಬರಿ ಅದಕ್ಕೆ ಆಧಾರ. ದಕ್ಷಿಣ ಸಿಂಹಳದ ಹಳೆಯ ಮನೆತನವೊಂದು ಹೊಸ ಕಾಲದ ಹಣದ ಮುಂದೆ ಕುಸಿಯುವ ಕಥೆ. ನಮ್ಮ ಮಲೆನಾಡಿನ ಎಷ್ಟೋ ದೊಡ್ಡ ಮನೆಗಳ ಕಥೆಯೂ ಅದೇ. ಚಿತ್ರಕಥೆ ಬರೆದವರು ರೆಜಿ ಸಿರಿವರ್ಧನ. ಅವರು ವಿಮರ್ಶಕರು, ಕೆಲಕಾಲ ಶಾಲಾ ಅಧ್ಯಾಪಕರೂ ಆಗಿದ್ದವರು. ದೂರ ನಿಂತು ದೋಷ ಹೇಳುವುದಷ್ಟೇ ಸಾಲದೆಂದು ಲೇಖನಿ ಹಿಡಿದು ಕೆಲಸದ ಒಳಗೆ ಬಂದವರು. ಸಂಕಲನ ಸುಮಿತ್ರಾ ಪೀರಿಸರದು. ಮುಂದೆ ಅವರೂ ಹೆಸರಾಂತ ನಿರ್ದೇಶಕಿಯಾದರು. ಸಂಗೀತ ಲಖನೌದಲ್ಲಿ ಕಲಿತು ಬಂದಿದ್ದ ಅಮರದೇವರದು. 1965ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ, ಸತ್ಯಜಿತ್ ರಾಯ್ ಅಧ್ಯಕ್ಷತೆಯ ತೀರ್ಪುಗಾರ ಮಂಡಳಿ ಈ ಚಿತ್ರಕ್ಕೆ ಸ್ವರ್ಣಮಯೂರ ಪ್ರಶಸ್ತಿ ಕೊಟ್ಟಿತು. ಭಾರತ ಕೊಡಮಾಡಿದ ಮೊದಲ ಸ್ವರ್ಣಮಯೂರ ಅದು. ಕಡಲಾಚೆಯ ಕಿರಿಯ ನೆರೆಯವನ ಮನೆಗೆ ಹೋಯಿತು.

ಪೀರಿಸರು ಹಾಕಿದ ದಾರಿ ಹೀಗೆ ಬೆಳೆಯಿತು. ಆದರೆ ಅದೇ ಕಾಲದಲ್ಲಿ, "ನಮ್ಮದು ಯಾವುದು" ಎಂಬ ಪ್ರಶ್ನೆ ಬೀದಿಗೆ ಇಳಿದು ಬೇರೆ ರೂಪ ತಾಳತೊಡಗಿತ್ತು. ರೇಖಾವ ಬಂದ 1956ನೆಯ ವರ್ಷವೇ ಸಿಂಹಳವೊಂದನ್ನೇ ಆಡಳಿತ ಭಾಷೆಯಾಗಿಸುವ ಕಾನೂನೂ ಬಂದಿತ್ತು. ಅದರಿಂದ ತಮಿಳರ ಮನಸ್ಸು ಒಡೆಯಿತು. ಚಿತ್ರರಂಗದಲ್ಲಿಯೂ ಸರ್ಕಾರದ ಕೈ ಬಲವಾಯಿತು. 1972ರಲ್ಲಿ ಕೆಲಸ ಆರಂಭಿಸಿದ ರಾಷ್ಟ್ರೀಯ ಚಿತ್ರ ನಿಗಮ ಚಿತ್ರಗಳ ಆಮದು ಮತ್ತು ಹಂಚಿಕೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಹೊರಗಿನ ಚಿತ್ರಗಳ ಪ್ರವಾಹಕ್ಕೆ ಒಡ್ಡು ಬಿದ್ದುದರಿಂದ ದೇಶದ ಚಿತ್ರಗಳಿಗೆ ಅವಕಾಶ ಹೆಚ್ಚಿತು. ಹೊಸ ನಿರ್ದೇಶಕರು ಬಂದರು. ಇದನ್ನು ಒಳ್ಳೆಯದೆಂದೇ ಹೇಳಬೇಕು. ಆದರೆ ಅಂಗಳಕ್ಕೆ ಬೇಲಿ ಕಟ್ಟುವುದು ಬೇರೆ, ಅಂಗಳದೊಳಗೆ ಇರುವವರಲ್ಲೇ ನೀನು ನಮ್ಮವನಲ್ಲ ಎಂದು ಬೆರಳು ತೋರಿಸುವುದು ಬೇರೆ. ಮೊದಲನೆಯದು ನಡೆಯುತ್ತಿದ್ದಾಗ ಎರಡನೆಯದೂ ದೇಶದಲ್ಲಿ ಬೆಳೆಯುತ್ತಿತ್ತು.

1983ರ ಜುಲೈ ತಿಂಗಳಲ್ಲಿ ಅದು ಬೆಂಕಿಯಾಯಿತು. ಯಾಳ್ಪಾಣದಲ್ಲಿ ಉಗ್ರರು ಹದಿಮೂರು ಸೈನಿಕರನ್ನು ಕೊಂದ ಸುದ್ದಿಯ ಬೆನ್ನಿಗೇ ಕೊಲಂಬೋದಲ್ಲಿ ತಮಿಳರ ಮನೆ, ಅಂಗಡಿಗಳನ್ನು ಹುಡುಕಿ ಹುಡುಕಿ ಸುಟ್ಟರು. ಹೆಂದಲ ಎಂಬಲ್ಲಿ ಗುಣರತ್ನಂ ಕಟ್ಟಿಸಿದ್ದ ವಿಜಯಾ ಸ್ಟುಡಿಯೋ ಕೂಡ ಸುಟ್ಟುಹೋಯಿತು. ಅಲ್ಲಿದ್ದ ಚಿತ್ರಗಳ ನೆಗೆಟಿವ್‌ಗಳೂ ಅದರೊಡನೆ ಬೂದಿಯಾದವು. ಸಿಂಹಳ ಚಿತ್ರಗಳನ್ನೇ ತೆಗೆಯುತ್ತಿದ್ದ ಕೆ. ವೆಂಕಟ್ ಎಂಬ ತಮಿಳು ನಿರ್ದೇಶಕರನ್ನು ಆ ದಿನಗಳಲ್ಲಿ ಕೊಂದರು. ಸುಟ್ಟವರಿಗೆ ತಾವು ಏನನ್ನು ಸುಡುತ್ತಿದ್ದೇವೆಂದು ತಿಳಿದಿತ್ತೇ? ತಮಿಳನ ಆಸ್ತಿಯೆಂದು ತಿಳಿದಿದ್ದರು. ಆ ಡಬ್ಬಿಗಳೊಳಗೆ ಇದ್ದದ್ದು ಸಿಂಹಳ ಭಾಷೆಯ ಮಾತು, ಸಿಂಹಳದ ನಟನಟಿಯರ ಮುಖ, ತಮ್ಮ ತಾಯಿತಂದೆಯರು ಟಿಕೆಟ್ ಕೊಂಡು ನೋಡಿ ಅತ್ತ ಕಥೆಗಳು. ತಮ್ಮ ಮನೆಯ ಪಟ್ಟಾಭಿಷೇಕದ ಪಟವನ್ನೇ ಕಿತ್ತು ಒಲೆಗೆ ಹಾಕಿದಂತಾಯಿತು. ಸ್ವತಃ ಗುಣರತ್ನಂ 1989ರಲ್ಲಿ, ದಕ್ಷಿಣದ ದಂಗೆಯ ಕಾಲದಲ್ಲಿ, ಹಂತಕರ ಗುಂಡಿಗೆ ಬಲಿಯಾದರು.

ಈ ಘಟ್ಟಕ್ಕೆ ಬಂದಾಗಲೆಲ್ಲ ನನಗೆ ನೆನಪಾಗುವುದು ಪೀರಿಸರ ಇನ್ನೊಂದು ಚಿತ್ರ, 1972ರಲ್ಲಿ ತೆರೆಕಂಡ "ನಿಧಾನಯ". ಕನ್ನಡ ಓದಿದವರಿಗೆ ಈ ಹೆಸರು ಹೊಸತಲ್ಲ. ಇಂದು ನಿಧಾನವೆಂದರೆ ಮೆಲ್ಲಗೆ ಎಂದರ್ಥ. ನಮ್ಮ ಹಳೆಯ ಕವಿಗಳಲ್ಲಿ, ವಚನಕಾರರಲ್ಲಿ ಅದರ ಅರ್ಥ ಹೂತಿಟ್ಟ ನಿಧಿ. ಸಿಂಹಳದಲ್ಲಿಯೂ ಅದೇ. ಕಥೆ ಜಿ.ಬಿ. ಸೇನಾನಾಯಕರದು. ಆಸ್ತಿ ಕರಗಿದ ದೊಡ್ಡ ಮನೆತನದ ಗಂಡಸೊಬ್ಬನಿಗೆ ನಿಧಿಯ ಸುಳಿವು ಸಿಗುತ್ತದೆ. ಅದು ತೆರೆಯಬೇಕಾದರೆ ಕತ್ತಿನಲ್ಲಿ ನಾಲ್ಕು ಮಚ್ಚೆಗಳುಳ್ಳ ಕನ್ಯೆಯನ್ನು ಬಲಿಕೊಡಬೇಕು. ಅಂಥವಳನ್ನು ಹುಡುಕಿ ಮದುವೆಯಾಗುತ್ತಾನೆ. ಅವಳು ಅವನನ್ನು ಮನಸಾರೆ ಪ್ರೀತಿಸುತ್ತಾಳೆ, ರೋಗದಲ್ಲಿ ಉಪಚರಿಸುತ್ತಾಳೆ. ಕೊನೆಗೂ ಅವನು ಅವಳನ್ನು ಬಲಿಕೊಡುತ್ತಾನೆ. ಬಂಡೆ ತೆರೆಯುವುದಿಲ್ಲ, ನಿಧಿ ಸಿಗುವುದಿಲ್ಲ. ಅವನ ಪಾಲಿನ ನಿಧಿ ಯಾರಾಗಿದ್ದಳೆಂದು ನೋಡುವವರಿಗೆ ಗೊತ್ತು. ಅವನಿಗೆ ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ. ಗಾಮಿಣಿ ಫೊನ್ಸೇಕ ಮತ್ತು ಮಾಲಿನಿ ಫೊನ್ಸೇಕ ಅವರ ಅಭಿನಯವನ್ನು ನಾನು ಬಣ್ಣಿಸಲಾರೆ, ನೋಡಿಯೇ ತಿಳಿಯಬೇಕು. ಹನ್ನೊಂದು ವರ್ಷಗಳ ನಂತರ ನಡೆಯಲಿದ್ದುದನ್ನು ಪೀರಿಸ್ ಮುಂದಾಗಿ ಕಂಡಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಮನೆಯೊಳಗಿನವರನ್ನು ಬಲಿಕೊಟ್ಟು ಐಶ್ವರ್ಯ ಪಡೆಯುತ್ತೇವೆಂಬ ಭ್ರಮೆಯ ಕಥೆಯನ್ನು 1983ರ ನಂತರ ನೋಡುವವನು ಬೇರೆಯಾಗಿ ನೋಡದೆ ಇರಲಾರ.

ಈ ಚಿತ್ರವನ್ನು ನಿರ್ಮಿಸಿದ್ದು ಯಾರೆಂದು ಕೇಳಿದರೆ, ಗಾರ್ಡಿನರ್ ಸ್ಥಾಪಿಸಿದ ಅದೇ ಸಿಲೋನ್ ಥಿಯೇಟರ್ಸ್. ಕ್ಯಾಮೆರಾ ಹಿಡಿದವರು ಎಂ.ಎಸ್. ಆನಂದನ್. ಸಿಂಹಳ ಚಿತ್ರರಂಗದ ಮೊದಲ ಐವತ್ತು ವರ್ಷಗಳ ಅತ್ಯುತ್ತಮ ಚಿತ್ರವೆಂದು ಆ ದೇಶವೇ ಆರಿಸಿದ್ದು ಇದನ್ನು.

ಇದರ ಮುಂದಿನ ಸಂಗತಿ ನಮಗೆ ಸೇರಿದ್ದು. ನಿಧಾನಯದ ಮೂಲ ನೆಗೆಟಿವ್ ಕಾಲಾನುಕ್ರಮದಲ್ಲಿ ಕಳೆದುಹೋಯಿತು. ದೇಶದ ಅತ್ಯುತ್ತಮ ಚಿತ್ರವೇ ಇಲ್ಲವಾಗುವ ಹಾಗಿತ್ತು. ಆಗ ನೆರವಿಗೆ ಬಂದದ್ದು ಪುಣೆಯ ನಮ್ಮ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಒಂದು ಪ್ರತಿ. ಮಾರ್ಟಿನ್ ಸ್ಕಾರ್ಸೆಸಿಯವರು ಕಟ್ಟಿದ ವಿಶ್ವ ಸಿನಿಮಾ ಪ್ರತಿಷ್ಠಾನದ ಆಶ್ರಯದಲ್ಲಿ, ಇಟಲಿಯ ಬೊಲೊನ್ಯಾ ನಗರದಲ್ಲಿ ಅದನ್ನು ಶುದ್ಧಗೊಳಿಸಿ 2013ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಪೀರಿಸರಿಗೆ ಆಗ ತೊಂಬತ್ತನಾಲ್ಕು ವರ್ಷ. 2018ರಲ್ಲಿ ಅವರೂ 2023ರಲ್ಲಿ ಸುಮಿತ್ರಾ ಅವರೂ ತೀರಿಕೊಂಡರು. ಸುಮಿತ್ರಾ ಅವರ 1978ರ ಮೊದಲ ಚಿತ್ರ "ಗೆಹೆಣು ಲಮಯಿ"ಯನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಪುನರುಜ್ಜೀವಗೊಳಿಸಿತು. 2025ರಲ್ಲಿ ಅದು ಕಾನ್‌ನಲ್ಲಿ ಪ್ರದರ್ಶನವಾಯಿತು. ಯಾವ ಭಾರತದ ಛಾಯೆಯಿಂದ ಬಿಡಿಸಿಕೊಳ್ಳಬೇಕೆಂದು ಸಿಂಹಳ ಸಿನಿಮಾ ಹೆಣಗಿತೋ ಅದೇ ಭಾರತದ ಕಪಾಟಿನಲ್ಲಿ ಅದರ ನಿಧಿ ಭದ್ರವಾಗಿತ್ತು. ಬಿಡಿಸಿಕೊಂಡದ್ದು ತಪ್ಪಲ್ಲ, ಅದು ಅಗತ್ಯವಾಗಿತ್ತು. ರೇಖಾವ ಹುಟ್ಟದೆ ಹೋಗಿದ್ದರೆ ಉಳಿಸಿಕೊಳ್ಳಲು ಏನು ಇರುತ್ತಿತ್ತು? ಆದರೆ ಶೈಲಿಯಿಂದ ಬಿಡಿಸಿಕೊಳ್ಳುವುದು ಬೇರೆ, ಮನುಷ್ಯರಿಂದ ಬಿಡಿಸಿಕೊಳ್ಳುವುದು ಬೇರೆ. ರೆಜಿ ಸಿರಿವರ್ಧನರು ಇದನ್ನು ಬಲ್ಲವರು. ದೇಸೀ ಸಿನಿಮಾಕ್ಕಾಗಿ ದುಡಿದ ಆ ವಿಮರ್ಶಕರೇ ತಮ್ಮ ಕೊನೆಯ ದಶಕಗಳನ್ನು ಕೊಲಂಬೋದ ಜನಾಂಗೀಯ ಅಧ್ಯಯನ ಸಂಸ್ಥೆಯಲ್ಲಿ, ಎರಡು ಜನಾಂಗಗಳ ನಡುವಿನ ಗಾಯದ ಬಗ್ಗೆ ಬರೆಯುತ್ತಾ ಕಳೆದರು.

ಈಗ ನನ್ನ ವಿದ್ಯಾರ್ಥಿಗೆ ಉತ್ತರ. ಮಾರುಕಟ್ಟೆ ಸಣ್ಣದು ಎಂದು ಕೊರಗಬೇಡಪ್ಪಾ. ಕೊಲಂಬೋದ ಮೂವರು ನೌಕರಿ ಬಿಟ್ಟು ಹೊರಟಾಗ ಅವರ ಮಾರುಕಟ್ಟೆ ನಿನ್ನದಕ್ಕಿಂತ ಬಹಳ ಸಣ್ಣದಾಗಿತ್ತು. ಮಾತಾಡುವವರ ಮೇಲೆ ಸಿಟ್ಟೂ ಬೇಡ. ಅವರ ಮಾತಿಲ್ಲದಿದ್ದರೆ ರೇಖಾವ ಹುಟ್ಟುತ್ತಿರಲಿಲ್ಲ. ಆದರೆ ಆ ಮಾತು ಚಿತ್ರದ ಗುಣದೋಷ ಬಿಟ್ಟು, ಅದನ್ನು ತೆಗೆದವನ ಕುಲಗೋತ್ರಕ್ಕೆ ಇಳಿದ ದಿನ ಎದ್ದು ನಿಂತು ಬೇಡವೆನ್ನು. ನಿನ್ನ ಜೊತೆ ದೀಪ ಹಿಡಿಯುವವನು, ಸೆಟ್ಟು ಕಟ್ಟುವವನು, ಊಟ ಬಡಿಸುವವನು ಯಾವ ಊರಿನವನು, ಯಾವ ಭಾಷೆಯವನು ಎಂದು ಲೆಕ್ಕ ಹಾಕಲು ಕೂತರೆ ಮೊದಲು ಅಳಿಸಬೇಕಾದದ್ದು ಕೊಲ್ಹಾಪುರವನ್ನೂ ಮದರಾಸನ್ನೂ. ಆಮೇಲೆ ನಮ್ಮಲ್ಲಿ ಉಳಿಯುವುದೇನು?

ಇನ್ನೊಂದು ಮಾತು. ನೀನು ಕೆಲಸ ಮಾಡಿದ ಪ್ರತಿಯೊಂದು ಚಿತ್ರದ ಒಂದು ಪ್ರತಿ ಎಲ್ಲಿದೆ ಎಂದು ತಿಳಿದುಕೊಂಡಿರು. "ಸತಿ ಸುಲೋಚನ"ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದಕ್ಕೆ ಯಾರೂ ಬೆಂಕಿ ಹಚ್ಚಲಿಲ್ಲ. ನಾವು ಮರೆತೆವು, ಅಷ್ಟೇ. ಸುಡುವುದಕ್ಕೂ ಮರೆಯುವುದಕ್ಕೂ ಇತಿಹಾಸದಲ್ಲಿ ಫಲ ಒಂದೇ ಎಂದು ನಿಮ್ಮ ತರಗತಿಯಲ್ಲಿ ಹೇಳಿದ್ದೆನೋ ಇಲ್ಲವೋ, ನೆನಪಿಲ್ಲ. ಹೇಳಿರದಿದ್ದರೆ ಇಂದು ಹೇಳಿದ್ದೇನೆ.

ಮುಂದಿನ ಸಲ ಬರುವಾಗ ನಿಧಾನಯ ಚಿತ್ರವನ್ನು ನೋಡಿಕೊಂಡು ಬಾ. ನಿನ್ನ ಕಿವಿ ಪಳಗಿದ ಕಿವಿ. ಅದರಲ್ಲಿ ನನಗೆ ಕೇಳಿಸದ್ದು ನಿನಗೆ ಕೇಳಿಸೀತು. ಆಗ ನೀನು ಮೇಷ್ಟ್ರು, ನಾನು ಹಿಂದಿನ ಬೆಂಚು.